ಎದುರು ಕುಳಿತವನೇ ಗುರು

ವಾಲಿಯ ಎದೆಗೆ ಬಾಣ ನಾಟಿದೆ. ಆದರೂ ಅವನು ಬಿದ್ದಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ. ಬಿಳಿ ಪಂಚೆ, ಜುಬ್ಬಾ, ಹೆಗಲ ಮೇಲೊಂದು ಶಾಲು. ಕಿರೀಟವಿಲ್ಲ, ಬಣ್ಣವಿಲ್ಲ, ಗೆಜ್ಜೆಯಿಲ್ಲ. ಎದುರಿಗೆ ಅದೇ ಉಡುಪಿನಲ್ಲಿ ರಾಮ. ಪಕ್ಕದಲ್ಲಿ ಭಾಗವತರು, ಮದ್ದಳೆ, ಚೆಂಡೆ. ಭಾಗವತರು ಪದ್ಯ ಮುಗಿಸಿದೊಡನೆ ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ವೈರವಿತ್ತು? ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಕ್ಷತ್ರಿಯ ಧರ್ಮ?

ರಾಮನ ಬಳಿ ಉತ್ತರವಿದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ಅದಕ್ಕೆ ದಂಡನೆ. ಈ ನೆಲ ಇಕ್ಷ್ವಾಕುಗಳದು, ದಂಡಿಸುವ ಅಧಿಕಾರ ನಮ್ಮದು. ಮೇಲಾಗಿ ನೀನು ಮೃಗ. ಮೃಗವನ್ನು ಮರೆಯಿಂದ ಹೊಡೆಯುವುದು ಬೇಟೆಯ ಕ್ರಮ.

ವಾಲಿ ಒಂದು ಕ್ಷಣ ಸುಮ್ಮನಿರುತ್ತಾನೆ. ಆಮೇಲೆ, ದನಿ ಏರಿಸದೆ: ನಾನು ಮೃಗವೆಂದಾದರೆ ಅತ್ತಿಗೆ, ನಾದಿನಿ ಎಂಬ ಕಟ್ಟಳೆ ನನಗೇಕೆ? ಕಟ್ಟಳೆ ನನಗೂ ಉಂಟು ಎಂದಾದರೆ ನಾನು ಮೃಗ ಹೇಗಾದೆ? ಎರಡರಲ್ಲಿ ಒಂದನ್ನು ಹೇಳು, ರಾಮ.

ಸಭೆ ಈಗ ರಾಮನ ಮುಖ ನೋಡುತ್ತದೆ. ರಾಮನ ಪಾತ್ರ ವಹಿಸಿದವರು ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಿ ಬಂದ ಮಾಸ್ತರರಿರಬಹುದು, ಅಡಿಕೆ ತೋಟದಿಂದ ಬಂದ ಕೃಷಿಕರಿರಬಹುದು. ಕೈಯಲ್ಲಿ ಚೀಟಿಯಿಲ್ಲ. ಮುಂದೆ ಆಡಬೇಕಾದ ಮಾತು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಎದುರಾಳಿ ಈ ಪ್ರಶ್ನೆಯನ್ನು ಇದೇ ರೀತಿ ಕೇಳುತ್ತಾನೆಂದು ಅವರಿಗೆ ಗೊತ್ತೂ ಇರಲಿಲ್ಲ. ಆದರೂ ಉತ್ತರ ಬರಲೇಬೇಕು, ಅದು ರಾಮನ ಘನತೆಗೆ ತಕ್ಕ ಉತ್ತರವಾಗಿರಬೇಕು.

ಇದು ತಾಳಮದ್ದಳೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡು ಮತ್ತು ಮಲೆನಾಡಿನ ಅಂಚಿನ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಮಾತಿನ ಕೂಟ. ಯಕ್ಷಗಾನದಿಂದ ವೇಷ, ಕುಣಿತ, ರಂಗಸಜ್ಜಿಕೆ ತೆಗೆದರೆ ಉಳಿಯುವುದು ಹಾಡು ಮತ್ತು ಮಾತು. ಆ ಎರಡನ್ನೇ ಇಟ್ಟುಕೊಂಡು ತಾಸುಗಟ್ಟಲೆ ಸಭೆಯನ್ನು ಹಿಡಿದು ಕೂರಿಸುವ ಕಲೆ. ಪ್ರಸಂಗದ, ಅಂದರೆ ಆಡುವ ಕಥೆಯ, ಪದ್ಯಗಳು ಬರಹದಲ್ಲಿರುತ್ತವೆ, ಭಾಗವತರು ಅವನ್ನು ಹಾಡುತ್ತಾರೆ. ಪದ್ಯದ ಹಿಂದೆ ಪಾತ್ರಧಾರಿ ಆಡುವ ಗದ್ಯವೇ ಅರ್ಥ, ಆಡುವವನು ಅರ್ಥಧಾರಿ. ಆ ಗದ್ಯ ಮಾತ್ರ ಆ ಹೊತ್ತಿನಲ್ಲಿ, ಆ ಬಾಯಿಯಲ್ಲಿ, ಆ ಎದುರಾಳಿಯ ಮುಂದೆ ಹುಟ್ಟಬೇಕು.

ಸಭೆಯಲ್ಲಿ ಮಾತಾಡುವುದನ್ನು ಕಲಿಸುವ ತರಗತಿಗಳು ಇಂದು ನಗರಗಳಲ್ಲಿ ಬೇಕಾದಷ್ಟಿವೆ. ಅಂಥ ಯಾವ ತರಗತಿಯೂ ಇಲ್ಲದ ಕಾಲದಲ್ಲಿ ಕರಾವಳಿಯ ಹಳ್ಳಿಗಳು ಸಾವಿರಾರು ಮಾತುಗಾರರನ್ನು ತಯಾರು ಮಾಡಿದವು. ಹೇಗೆ ಎಂಬುದನ್ನು ತಿಳಿಯಲು ಈ ಕಲೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ತಾಳಮದ್ದಳೆ ಎಂಬ ಹೆಸರು ಸಿಗುವ ಹಳೆಯ ದಾಖಲೆಗಳಲ್ಲಿ ಒಂದು ಕರಾವಳಿಯದಲ್ಲ, ಬಳ್ಳಾರಿ ಸೀಮೆಯದು. ಕುರುಗೋಡಿನ ಕಡೆಯ ಲಕ್ಷ್ಮೀನಾರಾಯಣ ದೇವಾಲಯದ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಭೂಮಿ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ವಿಜಯನಗರದ ಕಾಲದಲ್ಲೇ ಈ ಹೆಸರಿನ ಕಲೆ ಬಯಲುಸೀಮೆಯಲ್ಲಿ ಗೌರವ ಪಡೆದಿತ್ತು ಎಂಬುದಕ್ಕೆ ಅಷ್ಟು ಸಾಕು. ಅಂದಿನ ಕೂಟದಲ್ಲಿ ಮಾತು ಎಷ್ಟಿತ್ತು, ಹಾಡು ಎಷ್ಟಿತ್ತು ಎಂಬುದನ್ನು ಕಲ್ಲು ಹೇಳುವುದಿಲ್ಲ.

ಕರಾವಳಿಯಲ್ಲಿ ಇದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದಕ್ಕೆ ಒಂದು ಕಾರಣ ಕವಿಗಳು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಂದಿಗೂ ಕೂಟಗಳ ಬೆನ್ನೆಲುಬು. ಅವನ ಕಾಲ ಯಾವುದು, ಯಾವ ಪ್ರಸಂಗಗಳು ಅವನವು ಎಂಬ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತರಂಥ ವಿದ್ವಾಂಸರ ನಡುವೆ ದೊಡ್ಡ ಚರ್ಚೆಯೇ ನಡೆದಿದೆ. ಪದ್ಯಗಳ ಬಗ್ಗೆ ಮಾತ್ರ ಎರಡು ಮಾತಿಲ್ಲ. ನಾಲ್ಕಾರು ಸಾಲಿನಲ್ಲಿ ಇಡೀ ಸನ್ನಿವೇಶವನ್ನು ಸೂಚಿಸಿ, ವಿಸ್ತರಿಸುವ ಕೆಲಸವನ್ನು ಅರ್ಥಧಾರಿಗೆ ಬಿಡುವ ಪದ್ಯಗಳು ಅವು. ಮುಂದೆ ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನ ಪ್ರಸಂಗಗಳನ್ನು ಅಗ್ಗದ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ತಾಳೆಗರಿಯಲ್ಲಿ, ಕೈಬರಹದಲ್ಲಿ ಕೆಲವೇ ಮನೆಗಳಲ್ಲಿದ್ದ ಸಾಹಿತ್ಯ ಆಸಕ್ತಿ ಇದ್ದವರ ಕೈಗೆಲ್ಲ ಬಂತು.

ಇನ್ನೊಂದು ಕಾರಣ ಮಳೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಬಯಲಿನಲ್ಲಿ ಆಟವಾಡುವ ಹಾಗಿಲ್ಲ. ನೇಜಿ ನೆಟ್ಟು ಮುಗಿದ ಮೇಲೆ ತೋಟದಲ್ಲೂ ಗದ್ದೆಯಲ್ಲೂ ಕೆಲಸ ಕಡಿಮೆ. ಮಳೆಗಾಲದ ಆಟಿ ತಿಂಗಳ ಆ ಉದ್ದನೆಯ ಸಂಜೆಗಳಲ್ಲಿ ಯಾರದೋ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಗೋಪುರದಲ್ಲಿ ದೀಪ ಹಚ್ಚಿ, ಚಾಪೆ ಹಾಸಿ ಕೂಟ ಆರಂಭ. ಖರ್ಚು ಎಂದರೆ ಬಂದವರಿಗೆ ಊಟ, ಎಲೆಯಡಿಕೆ. ವೇಷಭೂಷಣದ ಪೆಟ್ಟಿಗೆ ಬೇಡ, ಬಣ್ಣದ ಚೌಕಿ ಬೇಡ. ಮದ್ದಳೆಯೊಂದು, ಜಾಗಟೆಯೊಂದು ಇದ್ದರೆ ಕುರುಕ್ಷೇತ್ರವನ್ನೇ ಚಾವಡಿಗೆ ತರಬಹುದಿತ್ತು.

ಹಿಂದಿನ ಕೂಟಗಳಲ್ಲಿ ಪದ್ಯ ಹೆಚ್ಚು, ಮಾತು ಕಡಿಮೆ. ಪದ್ಯದ ಭಾವವನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದರೆ ಅರ್ಥಧಾರಿಯ ಕೆಲಸ ಮುಗಿಯುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಮಾಣ ತಿರುಗಿತು. ಹರಿಕಥೆಯ ದಾಸರು ಕೂಟಗಳಿಗೆ ಬಂದರು, ತಮ್ಮೊಂದಿಗೆ ಉಪಕಥೆ, ಹಾಸ್ಯ, ಏರಿಳಿತದ ನಿರೂಪಣೆಯನ್ನು ತಂದರು. ಸಂಸ್ಕೃತ ಓದಿದ ವಿದ್ವಾಂಸರು ಶಾಸ್ತ್ರದ ವಾದಕ್ರಮವನ್ನು ತಂದರು. ವಕೀಲರು ಬಂದರು, ಶಾಲಾ ಮಾಸ್ತರರು ಬಂದರು. ಸ್ವಾತಂತ್ರ್ಯ ಚಳವಳಿಯ ಸಭೆಗಳಲ್ಲಿ ಭಾಷಣ ಕೇಳಿದ ಕಿವಿಗಳು ಕೂಟದಲ್ಲೂ ತರ್ಕವನ್ನು ನಿರೀಕ್ಷಿಸತೊಡಗಿದವು. ಹೀಗೆ ಪದ್ಯಕ್ಕೆ ಬಾಲದಂತಿದ್ದ ಮಾತು ಕೂಟದ ಜೀವವಾಯಿತು.

ಈ ಕಲೆಯನ್ನು ಕಲಿಯುವ ದಾರಿಯಲ್ಲಿ ಪಾಠಪಟ್ಟಿ ಇರಲಿಲ್ಲ, ಆದರೆ ಕ್ರಮ ಇತ್ತು. ಊರೂರಿನ ಯಕ್ಷಗಾನ ಸಂಘಗಳಲ್ಲಿ ವಾರಕ್ಕೊಮ್ಮೆ ಅಭ್ಯಾಸದ ಕೂಟ. ಹುಡುಗರು ಮೊದಲು ಕೇಳುಗರು. ಒಂದು ದಿನ ದೂತನ ಪಾತ್ರಕ್ಕೆ ಬರಬೇಕಾದವರು ಬಂದಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಹುಡುಗನನ್ನು ಹಿರಿಯರು ಕರೆದು ಮುಂದೆ ಕೂರಿಸುತ್ತಾರೆ. ದೂತ ಹೇಳಬೇಕಾದದ್ದು ಸಮಾಚಾರ ಮಾತ್ರ: ಕುದುರೆಯನ್ನು ಕಟ್ಟಿದ್ದಾರೆ, ಸೈನ್ಯ ಊರ ಹೊರಗಿದೆ. ಅಷ್ಟನ್ನೇ ಸ್ಪಷ್ಟವಾಗಿ, ತಡವರಿಸದೆ, ಎದುರಿನ ಅರಸನಿಗೆ ಕೊಡಬೇಕಾದ ಮರ್ಯಾದೆಯೊಡನೆ ಹೇಳಲು ಬಂದರೆ ಮುಂದಿನ ವರ್ಷ ಅವನಿಗೆ ಮಂತ್ರಿಯ ಪಾತ್ರ, ಆಮೇಲೆ ಅಂಗದ, ವಿದುರ, ಸುಗ್ರೀವ. ಕೃಷ್ಣ, ಭೀಷ್ಮ, ವಾಲಿ, ಕರ್ಣ ಸಿಗಲು ವರ್ಷಗಟ್ಟಲೆ ಬೇಕು. ಸಭಾಕಂಪ ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೊದಲ ದಿನವೇ ಅರ್ಧ ತಾಸಿನ ಭಾಷಣ ಮಾಡಬೇಕಾದವನಿಗೆ ಕೈಕಾಲು ನಡುಗುತ್ತದೆ. ಎರಡು ವಾಕ್ಯದ ಜವಾಬ್ದಾರಿ ಹೊತ್ತವನಿಗೆ ನಡುಗಲು ಪುರುಸೊತ್ತೇ ಇರುವುದಿಲ್ಲ.

ದೊಡ್ಡ ಪಾತ್ರ ಸಿಕ್ಕವನು ಮೊದಲು ಪೀಠಿಕೆ ಹೇಳಬೇಕು. ತಾನು ಯಾರು, ಈಗ ಎಂಥ ಸ್ಥಿತಿಯಲ್ಲಿದ್ದೇನೆ, ಮುಂದೆ ಏನು ಮಾಡಹೊರಟಿದ್ದೇನೆ ಎಂಬುದನ್ನು ಸಭೆಯ ಮುಂದಿಡುವ ಆರಂಭದ ಮಾತು ಅದು. ಕಚ್ಚಾ ಅರ್ಥಧಾರಿ ಇಲ್ಲಿ ಪಾತ್ರದ ಹುಟ್ಟಿನಿಂದ ಶುರುಮಾಡಿ ವಂಶಾವಳಿಯನ್ನೆಲ್ಲ ಒಪ್ಪಿಸುತ್ತಾನೆ. ಪಳಗಿದವನು ಆ ಗಳಿಗೆಯನ್ನೇ ಹಿಡಿಯುತ್ತಾನೆ. ಕೃಷ್ಣಸಂಧಾನದ ಕೌರವ ಪೀಠಿಕೆಗೆ ಕೂತಾಗ ಅವನ ಮುಂದಿರುವುದು ಒಂದೇ ಸಂಗತಿ: ಹದಿಮೂರು ವರ್ಷ ಕಳೆದಿದೆ, ಪಾಂಡವರು ಪಾಲು ಕೇಳುತ್ತಿದ್ದಾರೆ, ದೂತನಾಗಿ ಕೃಷ್ಣ ಬರುತ್ತಿದ್ದಾನೆ. ಆ ಸುದ್ದಿಯ ಸುತ್ತ ಕೌರವನ ಅಭಿಮಾನ, ಅನುಮಾನ, ಲೆಕ್ಕಾಚಾರ ಬಿಚ್ಚಿಕೊಂಡರೆ ಸಭೆಗೆ ಅವನ ಹಿಂದಿನ ಕಥೆಯೆಲ್ಲ ತಾನಾಗಿಯೇ ನೆನಪಾಗುತ್ತದೆ. ಆರಂಭದ ಐದು ನಿಮಿಷದಲ್ಲಿ ತನ್ನ ಪರಿಚಯವನ್ನೇ ಮಾಡಿ ಮುಗಿಸುವ ಇಂದಿನ ಭಾಷಣಕಾರರಿಗೆ ತೋರಿಸಬೇಕಾದ ಮಾದರಿ ಇದು.

ಮಾತು ಮುಗಿಸುವುದಕ್ಕೂ ಇಲ್ಲಿ ವಿದ್ಯೆ ಬೇಕು. ಅದಕ್ಕೆ ಎತ್ತುಗಡೆ ಎನ್ನುತ್ತಾರೆ. ಅರ್ಥಧಾರಿ ತನ್ನ ಮಾತಿನ ಕೊನೆಯ ವಾಕ್ಯವನ್ನು ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳಲು ಅನುಕೂಲವಾಗುವ ಹಾಗೆ ತಂದು ನಿಲ್ಲಿಸಬೇಕು. ಮುಂದಿನ ಪದ್ಯ ಎದುರಾಳಿಯ ಕೋಪದ್ದಾದರೆ ಕೆಣಕುವ ಮಾತಿನಲ್ಲಿ ನಿಲ್ಲಬೇಕು. ಶೋಕದ್ದಾದರೆ ದನಿ ಇಳಿಯಬೇಕು, ಶ್ರುತಿಯ ಹತ್ತಿರ ಬಂದು ನಿಲ್ಲಬೇಕು. ಎತ್ತುಗಡೆ ಸರಿಯಾಗಿ ಬಂದಾಗ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಹಿಡಿಯಿತು ಎಂಬುದು ಕೇಳುಗನಿಗೆ ತಿಳಿಯುವುದಿಲ್ಲ. ತಪ್ಪಿದಾಗ ಭಾಗವತರು ಜಾಗಟೆಯ ಮೇಲೆ ಕೋಲಿಟ್ಟು ಕಾಯುತ್ತಾರೆ, ಮದ್ದಳೆಯವರು ಬೆರಳು ಎತ್ತಿ ಇಳಿಸುತ್ತಾರೆ, ಮಾತು ಮಾತ್ರ ಇನ್ನೊಂದು ಸುತ್ತು ಹೊಡೆಯುತ್ತಿರುತ್ತದೆ. ಸಭೆಗೆ ಇದು ಕೂಡಲೇ ಕಾಣುತ್ತದೆ. ಹೇಳುವುದು ಮುಗಿದ ಮೇಲೂ ಮೈಕು ಬಿಡದವರನ್ನು ಕಂಡವರಿಗೆ ಈ ಶಿಸ್ತಿನ ಬೆಲೆ ಗೊತ್ತಾದೀತು.

ಬರೆದು ಬಾಯಿಪಾಠ ಮಾಡುವುದು ಇಲ್ಲಿ ನಡೆಯುವುದಿಲ್ಲ. ಬಾಯಿಪಾಠ ಮಾಡಿದವನು ಎದುರಾಳಿಯ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಹಾಗೆಂದು ತಯಾರಿ ಇಲ್ಲದೆ ಬರುವಂತೆಯೂ ಇಲ್ಲ. ಪ್ರಸಂಗದ ಪದ್ಯಗಳು ಮನಸ್ಸಿನಲ್ಲಿರಬೇಕು. ಕುಮಾರವ್ಯಾಸ, ತೊರವೆ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತ ಓದಿರಬೇಕು; ವಾಲ್ಮೀಕಿ, ವ್ಯಾಸರು ಏನು ಹೇಳುತ್ತಾರೆಂಬ ಅರಿವಿರಬೇಕು. ತನ್ನ ಪಾತ್ರದ ವಾದ ಮಾತ್ರ ಗೊತ್ತಿದ್ದರೆ ಸಾಲದು. ವಾಲಿಯಾಗಿ ಕೂರುವವನು ರಾಮನ ಪಕ್ಷವನ್ನು ರಾಮನಷ್ಟೇ ತಿಳಿದಿರಬೇಕು, ಏಕೆಂದರೆ ಮುಂದಿನ ವಾರ ಅದೇ ಊರಿನಲ್ಲಿ ಅವನೇ ರಾಮನಾಗಿ ಕೂರಬೇಕಾಗಬಹುದು. ಒಂದೇ ವಿಷಯದ ಎರಡೂ ಕಡೆಯನ್ನು ಮನಃಪೂರ್ವಕ ವಾದಿಸುವ ಈ ಅಭ್ಯಾಸವೇ ತಾಳಮದ್ದಳೆಯ ಅತಿ ದೊಡ್ಡ ಕೊಡುಗೆ. ಕೌರವನ ಪರ ಮಾತಾಡಲು ಬಾರದವನಿಗೆ ಕೃಷ್ಣನ ಪರವೂ ಪೂರ್ತಿ ಮಾತಾಡಲು ಬರುವುದಿಲ್ಲ.

ಇಲ್ಲಿ ಗೆಲುವಿಗೂ ಒಂದು ಮಿತಿ ಇದೆ. ಪ್ರಸಂಗದ ನಡೆ ಮೊದಲೇ ನಿಶ್ಚಯವಾಗಿರುತ್ತದೆ. ವಾಲಿ ಎಷ್ಟೇ ಬಲವಾಗಿ ವಾದಿಸಿದರೂ ಕೊನೆಗೆ ರಾಮನನ್ನು ಒಪ್ಪಬೇಕು, ಮಗ ಅಂಗದನನ್ನು ಅವನ ಕೈಗೊಪ್ಪಿಸಿ ಪ್ರಾಣ ಬಿಡಬೇಕು. ರಾಮನನ್ನು ನಿರುತ್ತರನಾಗಿಸಿ ಬಿಟ್ಟರೆ ಆ ಒಪ್ಪಿಗೆಗೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಒಳ್ಳೆಯ ವಾಲಿ ಎದುರಿನವರಿಗೆ ಉತ್ತರಕ್ಕೆ ಎಡೆಯಿಟ್ಟೇ ಪ್ರಶ್ನೆ ಕೇಳುತ್ತಾನೆ. ಒಳ್ಳೆಯ ರಾಮ ವಾಲಿಯ ನೋವನ್ನು ಕಂಡು, ಶಾಸ್ತ್ರದ ಮಾತಿನಿಂದ ಕರುಣೆಯ ಮಾತಿಗೆ ಇಳಿಯುತ್ತಾನೆ. ಸೋಲಿಸುವ ಶಕ್ತಿ ಇದ್ದೂ ಸೋಲಿಸದೆ ಕಥೆಯನ್ನು ದಡ ಮುಟ್ಟಿಸುವುದನ್ನು ಹಿರಿಯರು ಔಚಿತ್ಯ ಎನ್ನುತ್ತಾರೆ. ಕರಾವಳಿಯ ಪ್ರೇಕ್ಷಕರು ಅರ್ಥಧಾರಿಗಳನ್ನು ತೂಗುವುದು ಈ ಅಳತೆಯಿಂದಲೇ.

ಕಳೆದ ಶತಮಾನದ ಹೆಸರಾಂತ ಅರ್ಥಧಾರಿಗಳನ್ನು ನೋಡಿದರೆ ಒಬ್ಬರ ದಾರಿ ಇನ್ನೊಬ್ಬರದಲ್ಲ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿದಾಸರೂ ಹೌದು, ವೇಷಧಾರಿಯೂ ಹೌದು. ಅವರ ಹೆಸರು ನಿಂತದ್ದು ಖಳರೆಂದು ಬದಿಗಿಟ್ಟ ಪಾತ್ರಗಳ ಮೇಲೆ: ವಾಲಿ, ರಾವಣ, ಮಾಗಧ, ಕೌರವ. ಆ ಪಾತ್ರಗಳಿಗೂ ತಮ್ಮದೇ ಆದ ನ್ಯಾಯ ಉಂಟು, ಅದನ್ನು ಕೇಳಿ ಎಂದು ಸಭೆಯನ್ನು ಒಪ್ಪಿಸುವ ತರ್ಕ ಅವರದು. ಮಲ್ಪೆಯ ಸಾಮಗ ಸಹೋದರರು, ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು, ಇಬ್ಬರೂ ಹರಿಕಥೆಯಲ್ಲಿ ಪಳಗಿದವರು. ರಾಮದಾಸ ಸಾಮಗರ ಮಾತಿನ ಓಟವನ್ನು ಕೇಳಿದವರು ಮರೆತಿಲ್ಲ. ಶೇಣಿ ಒಂದು ಕಡೆ, ಸಾಮಗರು ಇನ್ನೊಂದು ಕಡೆ ಕೂರುತ್ತಾರೆಂದರೆ ಊರಿಗೆ ಊರೇ ಸೇರುತ್ತಿತ್ತು.

ದೇರಾಜೆ ಸೀತಾರಾಮಯ್ಯನವರದು (1914–1984) ಬೇರೆಯೇ ಹದ. ಸುಳ್ಯದ ಚೊಕ್ಕಾಡಿಯ ಕಡೆಯ ಅವರು ಕೃಷಿಕರು, ಲೇಖಕರು. ‘ಕುರುಕ್ಷೇತ್ರಕ್ಕೊಂದು ಆಯೋಗ’ದಂಥ ಕೃತಿ ಬರೆದವರು. ಅಬ್ಬರವಿಲ್ಲ, ಉದ್ದುದ್ದ ಸಂಸ್ಕೃತ ಸಮಾಸಗಳಿಲ್ಲ. ಮನೆಯ ಜಗಲಿಯಲ್ಲಿ ಕೂತು ಮಾತಾಡಿದಂಥ ಚಿಕ್ಕ ವಾಕ್ಯಗಳಲ್ಲೇ ಪಾತ್ರದ ಒಳಮನಸ್ಸನ್ನು ತೆರೆದಿಡುತ್ತಿದ್ದರು. ದೊಡ್ಡ ದನಿ ಇದ್ದವರು ಮಾತ್ರ ಸಭೆ ಗೆಲ್ಲುತ್ತಾರೆ ಎಂಬ ನಂಬಿಕೆಗೆ ದೇರಾಜೆಯವರೇ ಉತ್ತರ.

ಕುಂಬ್ಳೆ ಸುಂದರ ರಾಯರ ಮನೆಮಾತು ಮಲಯಾಳ. ಆದರೆ ಪ್ರಾಸದ ಮೇಲೆ ಪ್ರಾಸ ಪೋಣಿಸಿ ಅವರು ಆಡುತ್ತಿದ್ದ ಕನ್ನಡ ಕೇಳಲು ಜನ ಕಾಯುತ್ತಿದ್ದರು. ಕೂಟದಲ್ಲಿ ಗಳಿಸಿದ ಆ ಮಾತು ಅವರನ್ನು ರಾಜಕೀಯದ ವೇದಿಕೆಗೂ ಒಯ್ದಿತು. 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಬಂದರು. ಕಾರ್ಕಳದ ಎಂ. ಪ್ರಭಾಕರ ಜೋಷಿಯವರು ಕೂಟದಲ್ಲಿ ಕೂತು ಅರ್ಥ ಹೇಳಿದರು, ಕೂಟದ ಹೊರಗೆ ನಿಂತು ಅದನ್ನು ಪರಿಶೀಲಿಸಿದರು. ಕೃಷ್ಣಸಂಧಾನ ಪ್ರಸಂಗದ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಸಂಪಾಜೆಯ ಜಬ್ಬಾರ್ ಸಮೋ ಇಂದಿನ ಬೇಡಿಕೆಯ ಅರ್ಥಧಾರಿಗಳಲ್ಲಿ ಒಬ್ಬರು.

ಈ ಹೆಸರುಗಳ ಹಿಂದೆ ಗಮನಿಸಬೇಕಾದ ಸಂಗತಿಯೊಂದಿದೆ. ತಾಳಮದ್ದಳೆಯ ನಾಡಿನಲ್ಲಿ ಬಹಳ ಜನರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಇವು ಅವರ ಮನೆಯ ಮಾತುಗಳು. ಕೂಟದ ಮಾತು ಗ್ರಂಥಸ್ಥ ಕನ್ನಡ, ಅದರಲ್ಲೂ ಇಂಗ್ಲಿಷ್ ಪದ ಬೆರೆಸದ ಕನ್ನಡ. ತಾಸುಗಟ್ಟಲೆ ನಡೆಯುವ ಬಿಸಿಬಿಸಿ ಚರ್ಚೆಯಲ್ಲಿ ಒಂದು ಇಂಗ್ಲಿಷ್ ಶಬ್ದ ಬಾಯಿ ತಪ್ಪಿ ಬಂದರೂ ಸಭೆ ಹುಬ್ಬೇರಿಸುತ್ತದೆ. ಶಾಲೆಯಲ್ಲಿ ಮೂರೋ ನಾಲ್ಕೋ ತರಗತಿ ಓದಿದ ರೈತನೂ ಇಲ್ಲಿ ಕೂತು ಕೇಳಿ ಕೇಳಿ ಸಾವಿರಾರು ಕನ್ನಡ ಪದಗಳನ್ನು ತನ್ನದಾಗಿಸಿಕೊಂಡ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡದ ಶಾಲೆ, ಕಚೇರಿಗಳಿಗೆ ಕುತ್ತು ಬಂದಾಗಲೂ ಕೂಟಗಳು ನಿಲ್ಲಲಿಲ್ಲ. ಆ ಗಡಿಯಲ್ಲಿ ಕನ್ನಡ ಉಳಿದದ್ದರಲ್ಲಿ ಈ ಚಾಪೆಗಳ ಪಾಲು ದೊಡ್ಡದು.

ಎಲ್ಲವೂ ಹೊಗಳಿಕೆಯೇ ಆದರೆ ಚರಿತ್ರೆಗೆ ಅನ್ಯಾಯ. ಮಾತು ಬೆಳೆದಂತೆ ಮಾತಿನ ರೋಗಗಳೂ ಬೆಳೆದವು. ಒಂದೊಂದು ಪೀಠಿಕೆ ತಾಸು ದಾಟಿತು. ಪ್ರಸಂಗದ ಅರ್ಧಕ್ಕೇ ಬೆಳಗಾಗಿ, ಉಳಿದರ್ಧವನ್ನು ಅವಸರದಲ್ಲಿ ಮುಗಿಸುವುದು ಸಾಮಾನ್ಯವಾಯಿತು. ಪಾತ್ರದ ಚರ್ಚೆ ವ್ಯಕ್ತಿಗಳ ಹಠವಾಗಿ, ಭೀಷ್ಮ ಪರಶುರಾಮರ ಬದಲು ಇಬ್ಬರು ಅರ್ಥಧಾರಿಗಳೇ ಜಗಳಕ್ಕೆ ನಿಂತದ್ದೂ ಉಂಟು. ಪಾಂಡಿತ್ಯ ತೋರಿಸುವ ಹುರುಪಿನಲ್ಲಿ ಶ್ಲೋಕದ ಮೇಲೆ ಶ್ಲೋಕ ಸುರಿದು, ಎದುರಿನ ಜನರನ್ನೇ ಮರೆತವರು ಇದ್ದರು. ಚಾಪೆಯ ಮೇಲೆ ಎಲ್ಲ ಜಾತಿಯವರಿಗೂ, ಹೆಂಗಸರಿಗೂ ಜಾಗ ಸಿಗಲು ಬಹಳ ಕಾಲ ಬೇಕಾಯಿತು ಎಂಬುದನ್ನೂ ಮರೆಯಬಾರದು. ಇಂದು ಮಹಿಳೆಯರದೇ ತಂಡಗಳಿವೆ, ಅವರ ಕೂಟಗಳಿಗೆ ಸಭೆಯೂ ಇದೆ. ಅದು ಹತ್ತಿರದ ದಶಕಗಳ ಬೆಳವಣಿಗೆ.

ಮಾತಿನ ಈ ಅತಿಯನ್ನು ಸಹಿಸದವರಲ್ಲಿ ಶಿವರಾಮ ಕಾರಂತರು ಮುಖ್ಯರು. ಯಕ್ಷಗಾನದ ಬಗ್ಗೆ ಅವರಷ್ಟು ದುಡಿದವರು ಕಡಿಮೆ. ಅವರ ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮ್ಮ ‘ಯಕ್ಷರಂಗ’ ತಂಡದ ಪ್ರಯೋಗಗಳಲ್ಲಿ ಅವರು ಮಾತನ್ನು ಬಹುಮಟ್ಟಿಗೆ ಕಿತ್ತುಹಾಕಿ, ಹಾಡು ಮತ್ತು ನೃತ್ಯದ ಮೇಲೆ ರಂಗವನ್ನು ನಿಲ್ಲಿಸಿದರು. ರಂಗದ ಸೌಂದರ್ಯವನ್ನು ನೆನೆದರೆ ಕಾರಂತರ ಸಿಟ್ಟು ಅರ್ಥವಾಗುತ್ತದೆ. ಆದರೆ ವೇಷವಿಲ್ಲದ, ಕುಣಿತವಿಲ್ಲದ ಕೂಟಕ್ಕೆ ಮಾತೇ ಆಧಾರ; ಅಲ್ಲಿ ಬೇಕಾದದ್ದು ಮಾತಿಗೆ ಹದ.

ಆ ಹದವನ್ನು ಒಳಗಿನವರೇ ಹುಡುಕಿಕೊಂಡರು. ರಾಮದಾಸ ಸಾಮಗರ ಮಗ ವಾಸುದೇವ ಸಾಮಗರು ಕೋಟೇಶ್ವರದಲ್ಲಿ ‘ಸಂಯಮಂ’ ಎಂಬ ತಂಡ ಕಟ್ಟಿದರು. ಹೆಸರಿನಲ್ಲೇ ಉದ್ದೇಶ ಇತ್ತು. ಎಷ್ಟು ಹೊತ್ತಿನ ಕೂಟ, ಯಾವ ಪದ್ಯಗಳು, ಯಾರಿಗೆ ಎಷ್ಟು ಅವಕಾಶ ಎಂಬುದನ್ನು ಮೊದಲೇ ನಿಗದಿ ಮಾಡಿಕೊಂಡು, ಒಂದೇ ತಂಡವಾಗಿ ಊರೂರು ತಿರುಗಿದರು. ಹೊತ್ತು ಕಡಿಮೆಯಾದಾಗ ಚರ್ಚೆ ಬಡವಾಗಲಿಲ್ಲ, ಹರಿತವಾಯಿತು. ಈಗ ಬಹುಪಾಲು ಕೂಟಗಳು ಮೂರು ನಾಲ್ಕು ತಾಸಿನಲ್ಲಿ ಮುಗಿಯುತ್ತವೆ.

ಯಂತ್ರಗಳೂ ಮಾತಿನ ರೀತಿಯನ್ನು ಬದಲಿಸಿದವು. ಧ್ವನಿವರ್ಧಕ ಬರುವ ಮೊದಲು ಚೆಂಡೆಯ ಸದ್ದು ಇಳಿದ ಕೂಡಲೇ ಕೊನೆಯ ಸಾಲಿನವರಿಗೂ ಕೇಳುವಂತೆ ಮಾತೆತ್ತಬೇಕಿತ್ತು. ಹೊಟ್ಟೆಯಿಂದ ಉಸಿರು ತರುವ, ಪದದ ಕೊನೆಯ ಅಕ್ಷರವನ್ನು ನುಂಗದ ಅಭ್ಯಾಸ ಅದರಿಂದ ಬಂತು. ಮೈಕು ಬಂದಾಗ ಪಿಸುಮಾತಿಗೂ ಜಾಗ ಸಿಕ್ಕಿತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತಾಳಮದ್ದಳೆಯನ್ನು ಮನೆಮನೆಗೆ ಮುಟ್ಟಿಸಿತು. ರೇಡಿಯೊದಲ್ಲಿ ಮುಖ ಕಾಣದು, ಕೈ ಕಾಣದು, ಹೊತ್ತು ಮೊದಲೇ ಗೊತ್ತು. ಅರ್ಥಧಾರಿ ಇಡೀ ಪಾತ್ರವನ್ನು ದನಿಯಲ್ಲೇ ತರಬೇಕಾಯಿತು. ಆಮೇಲೆ ಧ್ವನಿಸುರುಳಿಗಳ ಕಾಲ. ಶೇಣಿ, ಸಾಮಗರ ಕ್ಯಾಸೆಟ್ಟುಗಳನ್ನು ಹಾಕಿಕೊಂಡು ಎಳೆಯರು ಮನೆಯಲ್ಲೇ ಕಲಿತರು. ಊರು ಬಿಟ್ಟು ಮುಂಬಯಿಯ ಹೋಟೆಲು, ಕಚೇರಿಗಳಲ್ಲಿ ದುಡಿಯುತ್ತಿದ್ದವರು ಅಲ್ಲೂ ಸಂಘ ಕಟ್ಟಿ, ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳನ್ನು ಕರೆಸಿಕೊಂಡು ಕೂಟ ನಡೆಸಿದರು. 2020ರಲ್ಲಿ ಕೊರೊನಾ ಸಭೆಗಳನ್ನು ನಿಲ್ಲಿಸಿದಾಗ ಕೂಟಗಳು ಯೂಟ್ಯೂಬಿಗೆ ಹೋದವು. ಕೇಳುಗರಿಲ್ಲದ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕೂತಾಗಲೂ ಎದುರಿಗೊಬ್ಬ ಎದುರಾಳಿ ಇದ್ದ, ಮಾತು ನಡೆಯಿತು.

ಕ್ಯಾಸೆಟ್ಟು ಕೇಳಿ ಕಲಿಯುವುದರಲ್ಲಿ ಒಂದು ಅಪಾಯವೂ ಇತ್ತು. ಶೇಣಿಯವರ ವಾಲಿಯನ್ನು ಅಕ್ಷರಶಃ ಒಪ್ಪಿಸುವ ಎಳೆಯರು ಕಾಣಿಸಿಕೊಂಡರು. ಸಭೆ ಅವರನ್ನು ಬೇಗ ಗುರುತಿಸಿತು. ಎದುರಿನ ರಾಮ ಹೊಸ ಪ್ರಶ್ನೆಯೊಂದನ್ನು ಇಟ್ಟರೆ ಸಾಕು, ಎರವಲು ವಾಲಿಯ ಮಾತು ನಿಲ್ಲುತ್ತಿತ್ತು.

ಇಲ್ಲಿಗೆ ಇಂದಿನ ಶಾಲಾ ಕಾಲೇಜುಗಳ ಭಾಷಣ ಸ್ಪರ್ಧೆಯ ಮಾತು ಬರುತ್ತದೆ. ಯಾರೋ ಬರೆದುಕೊಟ್ಟದ್ದನ್ನು ಮಗು ಉರು ಹೊಡೆದು, ಐದು ನಿಮಿಷದಲ್ಲಿ ಒಪ್ಪಿಸಿ, ಚಪ್ಪಾಳೆ ಗಿಟ್ಟಿಸಿ ಇಳಿಯುತ್ತದೆ. ದೊಡ್ಡವರಾದ ಮೇಲೆ ಅದೇ ಮಕ್ಕಳು ಕಚೇರಿಯ ಸಭೆಯಲ್ಲಿ ಪರದೆಯ ಮೇಲಿನ ಸಾಲುಗಳನ್ನು ಓದಿ ಹೇಳುತ್ತಾರೆ. ಮೇಲಧಿಕಾರಿ ಮಧ್ಯದಲ್ಲಿ ಒಂದು ಪ್ರಶ್ನೆ ಕೇಳಿದರೆ ತಬ್ಬಿಬ್ಬಾಗುತ್ತಾರೆ. ತಪ್ಪು ಮಕ್ಕಳದಲ್ಲ. ಅವರ ಎದುರು ಯಾರೂ ಕೂತೇ ಇರಲಿಲ್ಲ. ಮಾತಿನ ಕಲಿಕೆ ಎಂದರೆ ದನಿ, ನಿಲುವು, ಕೈಚಲನೆ ಎಂದುಕೊಂಡು ಅವನ್ನೇ ತಿದ್ದಿದೆವು. ಕೇಳಿಸಿಕೊಳ್ಳುವುದನ್ನು, ಕೇಳಿದ್ದಕ್ಕೆ ತಕ್ಕ ಹಾಗೆ ಹೇಳುವುದನ್ನು ಕಲಿಸಲಿಲ್ಲ. ತಾಳಮದ್ದಳೆಯಲ್ಲಿ ಕೈ ಬೀಸಿ ನಡೆದಾಡಲು ಅವಕಾಶವೇ ಇಲ್ಲ, ಕೂತಲ್ಲೇ ಕೂರಬೇಕು. ಆದರೂ ನಾಡಿನ ಶ್ರೇಷ್ಠ ಮಾತುಗಾರರು ಅಲ್ಲಿಂದ ಬಂದರು.

ಸಭೆಯಲ್ಲಿ ಮಾತಾಡಲು ಕಲಿಯಬೇಕೆನ್ನುವವರು ಈ ಮಳೆಗಾಲದಲ್ಲಿ ಒಂದು ಕೂಟಕ್ಕೆ ಹೋಗಲಿ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಮಂಗಳೂರು, ಪುತ್ತೂರು, ಉಡುಪಿ, ಶಿರಸಿಯ ಸುತ್ತ ವಾರಾಂತ್ಯಗಳಲ್ಲಿ ಒಂದಲ್ಲ ಒಂದು ಕಡೆ ಇದ್ದೇ ಇರುತ್ತದೆ, ಬೆಂಗಳೂರಿನಲ್ಲೂ ನಡೆಯುತ್ತದೆ. ಮುಂದಿನ ಸಾಲಿನಲ್ಲಿ ಕೂತು, ಮಾತಾಡುತ್ತಿರುವವರನ್ನು ಬಿಟ್ಟು ಸುಮ್ಮನೆ ಕೇಳುತ್ತಿರುವ ಎದುರಾಳಿಯ ಮುಖವನ್ನು ಅರ್ಧ ತಾಸು ನೋಡಲಿ. ಶಾಲೆಯ ಮಾಸ್ತರರು, ಟೀಚರುಗಳು ಮಕ್ಕಳಿಗೆ ಬರೆದುಕೊಡುವ ಭಾಷಣವನ್ನು ಒಂದು ವರ್ಷದ ಮಟ್ಟಿಗಾದರೂ ನಿಲ್ಲಿಸಿ, ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ, ಒಬ್ಬನಿಗೆ ವಾಲಿ, ಒಬ್ಬನಿಗೆ ರಾಮ ಎಂದು ಹೇಳಿ, ಮುಂದಿನ ವಾರ ಪಾತ್ರ ಬದಲಿಸಿಕೊಳ್ಳಿ ಎನ್ನಲಿ.